ರಕ್ತದಲ್ಲಿ ಕ್ಯಾಲ್ಸಿಯಂ ನಾರ್ಮಲ್, ಮೂಳೆ ಮಾತ್ರ ಟೊಳ್ಳು

ನಾಲ್ಕು ತಿಂಗಳ ನಾಯಿಮರಿ. ಮನೆಗೆ ಬಂದಾಗಿನಿಂದ ಅದಕ್ಕೆ ಅನ್ನ ಮತ್ತು ಬೇಯಿಸಿದ ಬೋನ್‌ಲೆಸ್ ಚಿಕನ್. ಚೆನ್ನಾಗಿ ತಿನ್ನುತ್ತದೆ, ತೂಕವೂ ಏರುತ್ತಿದೆ. ಆದರೆ ಈಚೆಗೆ ಓಡುವುದನ್ನು ಬಿಟ್ಟಿದೆ. ಮುಂಗಾಲು ಬಾಗಿದ ಹಾಗೆ ಕಾಣುತ್ತದೆ, ಪಾದ ನೆಲದ ಮೇಲೆ ಅಗಲವಾಗಿ ಹರಡಿಕೊಂಡಿದೆ. ಎತ್ತಿಕೊಳ್ಳಲು ಹೋದರೆ ಕುಂಯ್ ಎನ್ನುತ್ತದೆ. ಒಂದು ದಿನ ಸೋಫಾದಿಂದ ಕೆಳಗಿಳಿದಷ್ಟಕ್ಕೇ ತೊಡೆಯ ಮೂಳೆ ಮುರಿಯುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಕ್ಯಾಲ್ಸಿಯಂ ನಾರ್ಮಲ್.

ಪಶುವೈದ್ಯರಿಗೆ ಇದು ಚೆನ್ನಾಗಿ ಪರಿಚಯವಿರುವ ರೋಗ. ಮನೆಯವರಿಗೆ ಮಾತ್ರ ತಲೆಬುಡ ತಿಳಿಯುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಾಗಿ ಮೂಳೆ ಮುರಿಯಿತು ಎನ್ನುತ್ತೀರಿ, ರಿಪೋರ್ಟ್ ನೋಡಿದರೆ ಎಲ್ಲ ಸರಿ ಇದೆ, ಇದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ನಾಯಿಯಷ್ಟೇ ಅಲ್ಲ, ಹಸು, ಕುದುರೆ, ಕೋಳಿ, ಸಿಂಹದ ಮರಿ, ಎಲ್ಲದರ ಕಥೆಯೂ ಅರ್ಥವಾಗುತ್ತದೆ.

ಪ್ರಾಣಿಯ ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಸುಮಾರು 99 ಪಾಲು ಮೂಳೆ ಮತ್ತು ಹಲ್ಲಿನಲ್ಲಿದೆ. ಉಳಿದ ಒಂದೇ ಒಂದು ಪಾಲು ರಕ್ತದಲ್ಲಿ, ಜೀವಕೋಶಗಳಲ್ಲಿ ಓಡಾಡುತ್ತದೆ. ಆದರೆ ಜೀವ ಉಳಿಯುವುದು ಆ ಒಂದು ಪಾಲಿನಿಂದ. ಹೃದಯ ಬಡಿಯಲು, ಸ್ನಾಯು ಬಿಗಿಯಲು, ನರ ಸುದ್ದಿ ಸಾಗಿಸಲು, ರಕ್ತ ಹೆಪ್ಪುಗಟ್ಟಲು ಅದು ಬೇಕೇ ಬೇಕು. ನಾಯಿಯ 100 ಮಿಲಿಲೀಟರ್ ರಕ್ತದ್ರವದಲ್ಲಿ ಇದರ ಮಟ್ಟ 9ರಿಂದ 11 ಮಿಲಿಗ್ರಾಂ ಆಸುಪಾಸಿನಲ್ಲೇ ಇರಬೇಕು. ತೀರಾ ಇಳಿದರೆ ಸ್ನಾಯು ನಡುಗಿ ಸೆಳೆತ ಬರುತ್ತದೆ, ಪ್ರಾಣಿ ಸತ್ತೇ ಹೋಗಬಹುದು. ಮೂಳೆ ತೆಳುವಾದರೆ ಹಾಗಲ್ಲ. ಕುಂಟಿಕೊಂಡಾದರೂ ಪ್ರಾಣಿ ಬದುಕಿರುತ್ತದೆ. ಹಾಗಾಗಿ ದೇಹ ಯಾವಾಗಲೂ ರಕ್ತದ ಪರ. ಮೂಳೆ ಅದಕ್ಕೆ ಕಣಜ ಇದ್ದ ಹಾಗೆ. ಊಟದಲ್ಲಿ ಬಂದಾಗ ತುಂಬಿಕೊಳ್ಳುತ್ತದೆ, ಬರದಿದ್ದಾಗ ಅಲ್ಲಿಂದ ತೆಗೆಯುತ್ತದೆ.

ಈ ಲೆಕ್ಕ ನೋಡಿಕೊಳ್ಳುವುದು ಕುತ್ತಿಗೆಯಲ್ಲಿ ಥೈರಾಯ್ಡ್ ಪಕ್ಕ ಇರುವ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳು. ಇವು ಎಷ್ಟು ಚಿಕ್ಕವು ಎಂದರೆ ಬಹಳ ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಲಂಡನ್ ಮೃಗಾಲಯದಲ್ಲಿದ್ದ ಭಾರತದ ಘೇಂಡಾಮೃಗವೊಂದು 1849ರಲ್ಲಿ ಸತ್ತಾಗ, ಅದರ ದೇಹವನ್ನು ಕೊಯ್ದು ನೋಡಿದ ರಿಚರ್ಡ್ ಓವನ್ ಈ ಗ್ರಂಥಿಯನ್ನು ಗುರುತಿಸಿ ವಿವರಿಸಿದರು. ಆಮೇಲೆ ಸ್ವೀಡನ್ನಿನ ಉಪ್ಸಾಲಾದಲ್ಲಿ ಇವಾರ್ ಸಾಂಡ್‌ಸ್ಟ್ರೋಮ್ ಎಂಬ ವಿದ್ಯಾರ್ಥಿ 1877ರಲ್ಲಿ ನಾಯಿಯೊಂದರಲ್ಲಿ ಅದನ್ನು ಕಂಡು, ಬೇರೆ ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಹುಡುಕಿ, 1880ರಲ್ಲಿ ಪ್ರಕಟಿಸಿದರು. ಘೇಂಡಾಮೃಗದಷ್ಟು ದೊಡ್ಡ ಪ್ರಾಣಿಯ ಮೂಳೆಯ ಯಜಮಾನಿಕೆ ಇಷ್ಟು ಚಿಕ್ಕ ಗ್ರಂಥಿಯ ಕೈಯಲ್ಲಿದೆ ಎನ್ನುವುದು ನನಗೆ ಇಂದಿಗೂ ಬೆರಗು.

ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೆ ಸಾಕು, ಈ ಗ್ರಂಥಿ ತಕ್ಷಣ ಹಾರ್ಮೋನ್ ಬಿಡುತ್ತದೆ. ಆ ಹಾರ್ಮೋನ್ ಮೂತ್ರಪಿಂಡಕ್ಕೆ ಹೋಗಿ, ಕ್ಯಾಲ್ಸಿಯಂ ಹೊರಗೆ ಹೋಗದಂತೆ ತಡೆಯುತ್ತದೆ. ಅಲ್ಲೇ ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತದೆ. ಆ ವಿಟಮಿನ್ ಕರುಳಿಗೆ ಹೋಗಿ, ಊಟದಲ್ಲಿರುವ ಕ್ಯಾಲ್ಸಿಯಂ ಹೆಚ್ಚು ಹೀರಿಕೊಳ್ಳುವಂತೆ ಮಾಡುತ್ತದೆ. ಇಷ್ಟಕ್ಕೂ ಸಾಲದಿದ್ದರೆ ಮೂಳೆಯನ್ನು ಕರಗಿಸುವ ಜೀವಕೋಶಗಳು ಕೆಲಸಕ್ಕಿಳಿಯುತ್ತವೆ. ಒಂದೆರಡು ದಿನದ ಮಾತಾದರೆ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಊಟದಲ್ಲೇ ಕ್ಯಾಲ್ಸಿಯಂ ಇಲ್ಲದಿದ್ದರೆ ಕರುಳು ಹೀರಿಕೊಳ್ಳುವುದಾದರೂ ಏನನ್ನು? ಗ್ರಂಥಿ ಹಗಲು ರಾತ್ರಿ ಹಾರ್ಮೋನ್ ಬಿಡುತ್ತಲೇ ಇರುತ್ತದೆ, ದಪ್ಪವಾಗುತ್ತದೆ. ಮೂಳೆ ಕರಗುತ್ತಲೇ ಹೋಗುತ್ತದೆ. ರಕ್ತದ ಮಟ್ಟ ಮಾತ್ರ ಸರಿಯಾಗೇ ನಿಲ್ಲುತ್ತದೆ. ರಿಪೋರ್ಟಿನಲ್ಲಿ ಕಾಣುವ ಆ ನಾರ್ಮಲ್ ಮೂಳೆ ಕರಗಿಸಿ ಉಳಿಸಿಕೊಂಡದ್ದು.

ಕರಗಿದ ಜಾಗ ಖಾಲಿ ಇರುವುದಿಲ್ಲ. ಅಲ್ಲಿ ನಾರಿನಂಥ ಅಂಗಾಂಶ ಬೆಳೆಯುತ್ತದೆ. ಅದಕ್ಕೆ ಭಾರ ಹೊರುವ ಶಕ್ತಿ ಇಲ್ಲ. ದವಡೆಯ ಮೂಳೆಯಲ್ಲಿ ಇದು ಬಲು ಬೇಗ ಕಾಣಿಸುತ್ತದೆ: ಹಲ್ಲು ಅಲ್ಲಾಡುತ್ತದೆ, ದವಡೆ ಒತ್ತಿದರೆ ಬಗ್ಗುತ್ತದೆ. ವೈದ್ಯರು ಇದನ್ನು ರಬ್ಬರ್ ದವಡೆ ಎಂದೇ ಕರೆಯುತ್ತಾರೆ. ಕಾಲಿನ ಉದ್ದ ಮೂಳೆಯ ಗೋಡೆ ತೆಳುವಾಗಿ, ಎಷ್ಟೋ ಸಲ ಪೂರ್ತಿ ಮುರಿಯದೆ ಮಡಚಿಕೊಳ್ಳುತ್ತದೆ. ಬೆನ್ನೆಲುಬು ಕುಸಿದು ನರ ಅದುಮಿದರೆ ಹಿಂಗಾಲಿನ ಬಲವೇ ಹೋಗಬಹುದು. ಸೊಂಟದ ಮೂಳೆ ಕುಸಿದು ಇಕ್ಕಟ್ಟಾದರೆ ಆ ಪ್ರಾಣಿಗೆ ಮುಂದೆ ಜೀವನವಿಡೀ ಮಲಬದ್ಧತೆ. ಹೆಣ್ಣಾದರೆ ಮರಿ ಹಾಕುವಾಗ ಪ್ರಾಣಸಂಕಟ. ಇನ್ನೂ ಒಂದು ವಿಷಯ ಇದೆ. ಮೂಳೆಯ ಖನಿಜ ಸುಮಾರು ಮೂರನೇ ಒಂದು ಭಾಗವಾದರೂ ಹೋಗುವ ತನಕ ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಗೊತ್ತಾಗುವುದೇ ಕಷ್ಟ. ಕಾಣುವಷ್ಟು ಹೊತ್ತಿಗೆ ನಷ್ಟ ಆಗಿಬಿಟ್ಟಿರುತ್ತದೆ.

ಅನ್ನ, ಚಿಕನ್ ತಿಂದ ಮರಿಗೆ ಹೀಗೆ ಯಾಕಾಯಿತು? ಮಾಂಸ ಒಳ್ಳೆಯ ಆಹಾರ ಅಲ್ವಾ? ಪ್ರೋಟೀನಿನ ಲೆಕ್ಕದಲ್ಲಿ ಹೌದು. ಆದರೆ ಮೂಳೆ ತೆಗೆದ 100 ಗ್ರಾಂ ಕೋಳಿ ಮಾಂಸದಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು, ರಂಜಕ ಸುಮಾರು 200 ಮಿಲಿಗ್ರಾಂ. ರಂಜಕ ಎಂದರೆ ಫಾಸ್ಫರಸ್. ಬೆಳೆಯುವ ಮರಿಯ ಊಟದಲ್ಲಿ ಕ್ಯಾಲ್ಸಿಯಂ ರಂಜಕಕ್ಕೆ ಸಮನಾಗಿರಬೇಕು ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, ಹೆಚ್ಚೆಂದರೆ ಎರಡರಷ್ಟು. ಬರೀ ಮಾಂಸದಲ್ಲಿ ಅದು ತಿರುಗುಮುರುಗು. ಒಂದು ಪಾಲು ಕ್ಯಾಲ್ಸಿಯಂಗೆ ಹದಿನೈದು ಇಪ್ಪತ್ತು ಪಾಲು ರಂಜಕ. ಲಿವರ್‌ನಲ್ಲಿ ಇನ್ನೂ ಕೆಟ್ಟದು. ಹೆಚ್ಚಾದ ರಂಜಕ ಸುಮ್ನೆ ಕೂರುವುದಿಲ್ಲ. ಕರುಳಿನಲ್ಲೇ ಕ್ಯಾಲ್ಸಿಯಂಗೆ ಅಂಟಿಕೊಂಡು ಅದು ಒಳಗೆ ಹೋಗದಂತೆ ಮಾಡುತ್ತದೆ. ರಕ್ತಕ್ಕೆ ಸೇರಿದ ಮೇಲೆ ಪ್ಯಾರಾಥೈರಾಯ್ಡನ್ನು ಇನ್ನಷ್ಟು ಕೆಣಕುತ್ತದೆ. ಹೀಗಾಗಿ ಎಷ್ಟು ಕ್ಯಾಲ್ಸಿಯಂ ಇದೆ ಎನ್ನುವಷ್ಟೇ ಮುಖ್ಯ, ಜೊತೆಗೆ ಎಷ್ಟು ರಂಜಕ ಇದೆ ಎನ್ನುವುದು.

ನಮ್ಮ ಮನೆಗಳಲ್ಲಿ ನಾಯಿಗೆ ಹಾಕುವ ಊಟವನ್ನೇ ಅಳೆದು ನೋಡೋಣ. ಬೆಳೆಯುವ ಮರಿಗೆ ಪ್ರತಿ 1000 ಕ್ಯಾಲೊರಿ ಊಟದಲ್ಲಿ 3 ಗ್ರಾಂ ಕ್ಯಾಲ್ಸಿಯಂ ಇರಬೇಕು ಎನ್ನುತ್ತದೆ ಅಮೆರಿಕದ ಸಾಕುಪ್ರಾಣಿ ಆಹಾರದ ಮಾನದಂಡ. ಹತ್ತು ಕೆಜಿ ಹತ್ತಿರದ ಮರಿ ದಿನಕ್ಕೆ ಹೆಚ್ಚೂಕಡಿಮೆ ಅಷ್ಟು ಕ್ಯಾಲೊರಿ ತಿನ್ನುತ್ತದೆ. ಬೋನ್‌ಲೆಸ್ ಚಿಕನ್ನಿನಿಂದಲೇ ಅಷ್ಟೂ ಕ್ಯಾಲೊರಿ ಕೊಟ್ಟರೆ ಸಿಗುವ ಕ್ಯಾಲ್ಸಿಯಂ 0.1 ಗ್ರಾಂ ಆಸುಪಾಸು. ಅಕ್ಕಿಯಲ್ಲಿ ಅದಕ್ಕಿಂತಲೂ ಕಡಿಮೆ. ರಾಗಿ ನಮ್ಮ ಧಾನ್ಯಗಳಲ್ಲೇ ಕ್ಯಾಲ್ಸಿಯಂಗೆ ಹೆಸರಾದದ್ದು. 100 ಗ್ರಾಂನಲ್ಲಿ 364 ಮಿಲಿಗ್ರಾಂ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2017ರ ಪಟ್ಟಿ ಹೇಳುತ್ತದೆ. ಆದರೂ 1000 ಕ್ಯಾಲೊರಿಯಷ್ಟು ರಾಗಿ ತಿಂದರೆ ಸಿಗುವುದು 1.1 ಗ್ರಾಂ ಮಾತ್ರ. ಅದರಲ್ಲೂ ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲೇ ಕುಡಿಸಿದರೆ? ಹಸುವಿನ ಹಾಲಿನಿಂದ 1.6ರಿಂದ 1.8 ಗ್ರಾಂ. ನೋಡಿ, ಮುದ್ದೆ, ಹಾಲು, ಮೊಸರನ್ನ ಯಾವುದೂ ಕೆಟ್ಟದ್ದಲ್ಲ. ದೊಡ್ಡ ನಾಯಿಗೆ ಇವು ಒಂದು ಭಾಗವಾಗಿ ಇರಬಹುದು. ಆದರೆ ತಿಂಗಳಿಂದ ತಿಂಗಳಿಗೆ ಮೂಳೆ ಉದ್ದವಾಗುತ್ತಿರುವ ಮರಿಗೆ ಇವಷ್ಟರಿಂದಲೇ ಸಾಲುವುದಿಲ್ಲ. ನಮ್ಮಜ್ಜಿ ಕಾಲದ ನಾಯಿಗಳು ಇದನ್ನೇ ತಿಂದು ಬದುಕಲಿಲ್ಲವೇ ಎಂದು ಕೇಳುವವರಿದ್ದಾರೆ. ಆ ನಾಯಿಗಳು ಬೀದಿ ಸುತ್ತುತ್ತಿದ್ದವು, ಎಲುಬು ಕಡಿಯುತ್ತಿದ್ದವು, ಇಲಿ ಹಿಡಿದು ಇಡಿಯಾಗಿ ತಿನ್ನುತ್ತಿದ್ದವು. ಮೈಗಾತ್ರವೂ ಚಿಕ್ಕದು, ಬೆಳವಣಿಗೆಯೂ ನಿಧಾನ. ಫ್ಲಾಟಿನಲ್ಲಿ ಬೆಳೆಯುವ ಲ್ಯಾಬ್ರಡಾರ್ ಮರಿಗೆ ನಾವು ತಟ್ಟೆಗೆ ಹಾಕಿದ್ದು ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಬಿಸಿಲಿನದು. ದಿನಾ ಬಿಸಿಲಿಗೆ ಬಿಟ್ಟರೆ ವಿಟಮಿನ್ ಡಿ ಸಿಗುತ್ತದೆ, ಮೂಳೆ ಗಟ್ಟಿಯಾಗುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಮನುಷ್ಯರಿಗೆ, ಹಸುವಿಗೆ ಇದು ನಿಜ. ನಾಯಿ, ಬೆಕ್ಕಿಗೆ ಅಲ್ಲ. ಅವುಗಳ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಮೂಲವಸ್ತು ಬಹಳ ಕಡಿಮೆ. ಬೇಟೆಯಾಡಿದ ಪ್ರಾಣಿಯ ಲಿವರ್, ಕೊಬ್ಬಿನಿಂದಲೇ ಅವಕ್ಕೆ ಆ ವಿಟಮಿನ್ ಸಿಗಬೇಕು. ವಿಟಮಿನ್ ಡಿ ಇಲ್ಲದೆ ಮೂಳೆ ತುದಿಯ ಬೆಳೆಯುವ ಪಟ್ಟಿ ಗಟ್ಟಿಯಾಗದೆ ಊದಿಕೊಳ್ಳುವುದು ರಿಕೆಟ್ಸ್. ಅದು ಬೇರೆಯೇ ಕಾಯಿಲೆ. ನಾಯಿ ಬೆಕ್ಕುಗಳಲ್ಲಿ ನಿಜವಾದ ರಿಕೆಟ್ಸ್ ಅಪರೂಪ. ಕಾಲು ಸೊಟ್ಟಗಾದ ಮರಿಯನ್ನು ನೋಡಿ ಎಲ್ಲರೂ ರಿಕೆಟ್ಸ್ ಎಂದುಬಿಡುತ್ತಾರೆ, ಆದರೆ ಹೆಚ್ಚಿನ ಸಲ ಅಲ್ಲಿರುವುದು ಕ್ಯಾಲ್ಸಿಯಂ ಕೊರತೆಯ ಈ ರೋಗವೇ.

ಮಾಂಸಾಹಾರಿ ಪ್ರಾಣಿಗೆ ಮಾಂಸ ಕೊಟ್ಟರೆ ಸಾಕು ಎಂಬ ನಂಬಿಕೆಗೆ ಹಳೆಯ ಇತಿಹಾಸವಿದೆ. ಲಂಡನ್ ಮೃಗಾಲಯದಲ್ಲಿ 19ನೇ ಶತಮಾನದ ಕೊನೆಗೆ ಸಿಂಹದ ಮರಿಗಳು ಒಂದರ ಹಿಂದೆ ಒಂದು ಮೂಳೆ ಮೆತ್ತಗಾಗಿ ಸಾಯುತ್ತಿದ್ದವು. ಅವಕ್ಕೆ ಸಿಗುತ್ತಿದ್ದುದು ಕುದುರೆ ಮಾಂಸ. ಕುದುರೆಯ ದಪ್ಪ ಎಲುಬನ್ನು ಮರಿಗಳು ಕಡಿಯಲಾರವು. 1889ರಲ್ಲಿ ಜಾನ್ ಬ್ಲಾಂಡ್ ಸಟನ್ ಎಂಬ ಶಸ್ತ್ರವೈದ್ಯರು ಪುಡಿ ಮಾಡಿದ ಮೂಳೆ, ಹಾಲು ಮತ್ತು ಕಾಡ್ ಮೀನಿನ ಲಿವರ್ ಎಣ್ಣೆ ಕೊಡಲು ಹೇಳಿದರು. ಮೂರೇ ತಿಂಗಳಲ್ಲಿ ಮರಿಗಳು ಚೇತರಿಸಿಕೊಂಡವು. ವಿಟಮಿನ್ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ.

ಕಾಡಿನಲ್ಲೂ ಇದು ನಡೆದಿದೆ, ಮತ್ತು ನನ್ನ ಪಾಲಿಗೆ ಈ ವಿಷಯದಲ್ಲೇ ಮನಸ್ಸು ಕಲಕುವ ಘಟನೆ ಅದು. 1970ರ ದಶಕದಲ್ಲಿ ದಕ್ಷಿಣ ಆಫ್ರಿಕದ ಕೇಪ್ ರಣಹದ್ದಿನ ಗೂಡುಗಳಲ್ಲಿ ರೆಕ್ಕೆಯ ಮೂಳೆ ಬಾಗಿದ, ಮುರಿದ ಮರಿಗಳು ಕಾಣತೊಡಗಿದವು. ಹಾರಲು ರೆಕ್ಕೆ ಬಡಿದು ಅಭ್ಯಾಸ ಮಾಡುವಾಗಲೇ ಮೂಳೆ ಮುರಿಯುತ್ತಿತ್ತು. ಪೀಟರ್ ಮಂಡಿ, ಜಾನ್ ಲೆಡ್ಜರ್ ಮುಂತಾದ ಸಂಶೋಧಕರು ಕಾರಣ ಹುಡುಕಿದರು. ರಣಹದ್ದು ತಿನ್ನುವುದು ಮೆತ್ತಗಿನ ಮಾಂಸ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ದೊಡ್ಡ ಎಲುಬು ಮುರಿಯುವ ಶಕ್ತಿ ಅದರ ಕೊಕ್ಕಿಗಿಲ್ಲ. ಹಿಂದೆಲ್ಲ ಕತ್ತೆಕಿರುಬಗಳು ಎಲುಬನ್ನು ಜಗಿದು ಚೂರು ಮಾಡಿ ಬಿಟ್ಟು ಹೋಗುತ್ತಿದ್ದವು. ಆ ಚೂರುಗಳನ್ನು ರಣಹದ್ದು ಹೆಕ್ಕಿ ತಂದು ಮರಿಗೆ ಉಣಿಸುತ್ತಿತ್ತು. ದನ ಸಾಕುವ ಪ್ರದೇಶಗಳಲ್ಲಿ ರೈತರು ಕತ್ತೆಕಿರುಬಗಳನ್ನು ಕೊಂದು ಮುಗಿಸಿದ ಮೇಲೆ ಚೂರು ಸಿಗದೇ ಹೋಯಿತು. ತಾಯಿಹಕ್ಕಿಗಳು ಎಲುಬಿನ ಚೂರಿನ ಹಾಗೆ ಕಾಣುವ ಗಾಜು, ಪ್ಲಾಸ್ಟಿಕ್, ಪಿಂಗಾಣಿ ತುಂಡುಗಳನ್ನು ಗೂಡಿಗೆ ತಂದಿದ್ದವು. ಮಂದಿ ಮಾಡಿದ ಪರಿಹಾರ ಸರಳವಾಗಿತ್ತು. ಸತ್ತ ದನಗಳನ್ನು ಗೊತ್ತಾದ ಜಾಗದಲ್ಲಿ ಇಟ್ಟು, ಎಲುಬನ್ನು ಜಜ್ಜಿ ಚೂರು ಮಾಡಿ ಹಾಕಿದರು. ಮೂಳೆ ರೋಗದ ಮರಿಗಳು ಕಡಿಮೆಯಾದವು.

ಇಷ್ಟು ಓದಿದವರಿಗೆ ಮೊದಲು ಬರುವ ಯೋಚನೆ, ಹಾಗಾದರೆ ಮರಿಗೆ ಕ್ಯಾಲ್ಸಿಯಂ ಟಾನಿಕ್ ಕೊಟ್ಟುಬಿಡೋಣ ಎಂದು. ದಯವಿಟ್ಟು ಇಲ್ಲಿ ನಿಲ್ಲಿ. ನೆದರ್‌ಲ್ಯಾಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಹ್ಯಾಜೆವಿಂಕೆಲ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ ಕ್ಯಾಲ್ಸಿಯಂ ಜಾಸ್ತಿಯಾದಾಗಲೂ ಮೂಳೆ ಮತ್ತು ಕೀಲಿನ ಮೆದುಮೂಳೆ ಕೆಟ್ಟದ್ದು ಕಂಡಿತು. ಎಳೆಯ ಮರಿಯ ಕರುಳಿಗೆ ಬೇಡದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಕೊಟ್ಟಷ್ಟೂ ಒಳಗೆ ಹೋಗುತ್ತದೆ. ಅದಕ್ಕೇ ದೊಡ್ಡ ತಳಿಯ ಮರಿಗಳ ಆಹಾರದಲ್ಲಿ ಕ್ಯಾಲ್ಸಿಯಂಗೆ ಮೇಲಿನ ಮಿತಿಯನ್ನೂ ಹಾಕಿದ್ದಾರೆ. ಒಳ್ಳೆಯ ಪಪ್ಪಿ ಫುಡ್ ತಿನ್ನುತ್ತಿರುವ ಮರಿಗೆ ಮೇಲಿಂದ ಟಾನಿಕ್ ಹಾಕುವುದು ಉಪಕಾರವಲ್ಲ, ಹಾನಿ. ಮನೆಯೂಟವೇ ಕೊಡಬೇಕೆಂದರೆ ಎಷ್ಟು ಸೇರಿಸಬೇಕು ಎಂದು ಊಟದ ಪೂರ್ತಿ ಪಟ್ಟಿ ಹಿಡಿದು ವೈದ್ಯರ ಹತ್ತಿರ ಲೆಕ್ಕ ಹಾಕಿಸಿ. ಒಂದು ಕೋಳಿಮೊಟ್ಟೆಯ ಸಿಪ್ಪೆಯಲ್ಲೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇದೆ. ಅಂದಾಜಿನಲ್ಲಿ ಚಮಚ ಚಮಚ ಹಾಕಿದರೆ ಮಿತಿ ದಾಟುವುದು ಬಲು ಸುಲಭ. ಇನ್ನು, ಬೇಯಿಸಿದ ಎಲುಬು ಕೊಡಬೇಡಿ. ಅದು ಸಿಬಿರೆದ್ದು ಗಂಟಲು, ಕರುಳು ಚುಚ್ಚುತ್ತದೆ.

ಕುದುರೆಯಲ್ಲಿ ಇದೇ ರೋಗ ಮುಖಕ್ಕೆ ಬರುತ್ತದೆ. ಹಿಂದೆ ಹಿಟ್ಟಿನ ಗಿರಣಿಯವರು ತಮ್ಮ ಕುದುರೆಗಳಿಗೆ ಉಳಿದ ಬೂಸಾವನ್ನೇ ಹಾಕಿ ಸಾಕುತ್ತಿದ್ದರು. ಗೋಧಿ ಬೂಸಾದಲ್ಲಿ ರಂಜಕ ಕ್ಯಾಲ್ಸಿಯಂನ ಹತ್ತರಷ್ಟು. ಮುಖದ ಮೂಳೆ ಕರಗಿ ಅಲ್ಲಿ ನಾರು ಬೆಳೆದು ತಲೆ ಊದಿದಂತೆ ಕಾಣುತ್ತಿತ್ತು. ಕೆಲವು ಹುಲ್ಲುಗಳಿಂದಲೂ ಹೀಗಾಗುತ್ತದೆ. ಅವುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹುಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಕುದುರೆಗೆ ಮಾತ್ರ ದಕ್ಕುವುದಿಲ್ಲ.

ಹಸುವಿನ ವಿಷಯ ನಮ್ಮ ಹೈನುಗಾರರಿಗೆ ಹತ್ತಿರದ್ದು. ಒಂದು ಲೀಟರ್ ಹಾಲಿಗೆ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಗಿಣ್ಣುಹಾಲಿಗೆ ಅದರ ಹೆಚ್ಚೂಕಡಿಮೆ ಎರಡರಷ್ಟು. ಹತ್ತು ಲೀಟರ್ ಗಿಣ್ಣು ಕರೆದರೆ 20 ಗ್ರಾಂ ಮೀರಿತು. ಆದರೆ ಆ ಹಸುವಿನ ಇಡೀ ರಕ್ತದ್ರವದಲ್ಲಿ ಒಂದು ಹೊತ್ತಿಗೆ ಇರುವುದು 3 ಗ್ರಾಂ ಆಸುಪಾಸು. ಹಾಗಾಗಿ ಕರು ಹಾಕಿದ ಮೊದಲ ತಿಂಗಳಲ್ಲಿ ಒಳ್ಳೆಯ ಹಾಲಿನ ಹಸು ತನ್ನ ಮೂಳೆಯ ಕ್ಯಾಲ್ಸಿಯಂನಲ್ಲಿ ಸುಮಾರು ಹತ್ತನೇ ಒಂದು ಭಾಗ ಕಳೆದುಕೊಳ್ಳುವುದು ಸಹಜ. ಮೇವು ಸರಿ ಇದ್ದರೆ ಮುಂದಿನ ತಿಂಗಳುಗಳಲ್ಲಿ ಅದನ್ನು ತುಂಬಿಕೊಳ್ಳುತ್ತದೆ. ಬರೀ ಭತ್ತದ ಹುಲ್ಲು ಮತ್ತು ತೌಡು ಹಾಕಿದರೆ ತುಂಬಿಕೊಳ್ಳುವುದು ಕಷ್ಟ. ತೌಡಿನಲ್ಲಿ ರಂಜಕ ಜಾಸ್ತಿ, ಭತ್ತದ ಹುಲ್ಲಿನಲ್ಲಿ ಆಕ್ಸಲೇಟ್ ಇದೆ. ರಾಗಿ ಹುಲ್ಲು ಈ ವಿಷಯದಲ್ಲಿ ಎಷ್ಟೋ ವಾಸಿ. ಅಲಸಂದೆ, ಕುದುರೆ ಮೆಂತೆಯಂಥ ದ್ವಿದಳ ಮೇವು ಇನ್ನೂ ಒಳ್ಳೆಯದು. ಜೊತೆಗೆ ದಿನಾ ಖನಿಜ ಮಿಶ್ರಣ ಇರಲೇಬೇಕು.

ಹಾಲು ಜ್ವರ, ಅಂದರೆ ರಕ್ತದ ಕ್ಯಾಲ್ಸಿಯಂ ದಿಢೀರನೆ ಕುಸಿಯುವ ಕಾಯಿಲೆ, ಬರುವುದು ಕರು ಹಾಕಿದ ಈ ಸಮಯದಲ್ಲೇ. ಹಸು ಮಲಗಿಬಿಡುತ್ತದೆ, ಕುತ್ತಿಗೆ ಪಕ್ಕೆಗೆ ತಿರುಗಿಸಿಕೊಳ್ಳುತ್ತದೆ, ಕಿವಿ ತಣ್ಣಗಾಗುತ್ತವೆ. ಮೂಳೆಯಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇರುತ್ತದೆ, ಆದರೆ ಅದನ್ನು ಬೇಗ ಹೊರಗೆ ತೆಗೆಯಲು ಆಗುವುದಿಲ್ಲ. ಬತ್ತಿಸಿದ ಕಾಲದಲ್ಲಿ, ಅಂದರೆ ಕರು ಹಾಕುವ ಮುಂಚಿನ ತಿಂಗಳುಗಳಲ್ಲಿ, ಕ್ಯಾಲ್ಸಿಯಂ ಅತಿಯಾಗಿ ಕೊಟ್ಟರೆ ಗ್ರಂಥಿಗೆ ಕೆಲಸವಿಲ್ಲದೆ ಜಡವಾಗುತ್ತದೆ. ಹಾಲು ಇಳಿದ ದಿನ ಅದು ಏಳುವಷ್ಟರಲ್ಲಿ ಹಸು ಬಿದ್ದಿರುತ್ತದೆ. ಆಗ ಕೂಡಲೇ ವೈದ್ಯರನ್ನು ಕರೆಸಬೇಕು. ರಕ್ತನಾಳದೊಳಗೆ ಕೊಡುವ ಕ್ಯಾಲ್ಸಿಯಂ ಬಾಟಲಿಯನ್ನು ಹೃದಯ ಬಡಿತ ಗಮನಿಸುತ್ತ ನಿಧಾನವಾಗಿ ಕೊಡಬೇಕು. ವೇಗವಾಗಿ ಕೊಟ್ಟರೆ ಹೃದಯವೇ ನಿಲ್ಲಬಹುದು.

ಇನ್ನು ಮೊಟ್ಟೆ ಕೋಳಿ. ಒಂದು ಸಿಪ್ಪೆಗೆ 2 ಗ್ರಾಂ ಎಂದೆ. ವರ್ಷಕ್ಕೆ 300 ಮೊಟ್ಟೆ ಎಂದರೆ 600 ಗ್ರಾಂ. ಕೋಳಿಯ ಇಡೀ ಅಸ್ಥಿಪಂಜರದಲ್ಲಿರುವ ಕ್ಯಾಲ್ಸಿಯಂ 20 ಗ್ರಾಂ ಆಸುಪಾಸು ಅಷ್ಟೇ! ಸಿಪ್ಪೆ ಗಟ್ಟಿಯಾಗುವುದು ಬಹುಪಾಲು ರಾತ್ರಿ, ಕೋಳಿ ಏನೂ ತಿನ್ನದ ಹೊತ್ತಿನಲ್ಲಿ. ಅದಕ್ಕೆಂದೇ ಹೆಣ್ಣುಹಕ್ಕಿಗಳ ಕಾಲಿನ ಮೂಳೆಯ ಪೊಳ್ಳಿನಲ್ಲಿ ಒಂದು ವಿಶೇಷ ಮೂಳೆ ಬೆಳೆಯುತ್ತದೆ, ಕರಗಿಸಲೆಂದೇ ಇಟ್ಟುಕೊಂಡದ್ದು. ಮೇವಿನಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಅದರ ಜೊತೆ ಭಾರ ಹೊರುವ ಮೂಳೆಯೂ ಕರಗುತ್ತದೆ. ಪಂಜರದ ಕೋಳಿ ಎದ್ದು ನಿಲ್ಲಲಾರದೆ ಪಕ್ಕಕ್ಕೆ ಬಿದ್ದಿರುತ್ತದೆ. ಮೊಟ್ಟೆ ಕೋಳಿಯ ಮೇವಿನಲ್ಲಿ ನೂರಕ್ಕೆ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇಡುವುದು ಇದಕ್ಕೇ. ಕಪ್ಪೆಚಿಪ್ಪಿನ ದಪ್ಪ ಚೂರನ್ನು ಸಂಜೆ ಕೊಟ್ಟರೆ ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತ ರಾತ್ರಿಯಿಡೀ ಒದಗುತ್ತದೆ.

ಮತ್ತೆ ನಾಯಿಮರಿಗೆ ಬರೋಣ. ಈ ರೋಗ ಸಮಯಕ್ಕೆ ಗೊತ್ತಾದರೆ ವಾಸಿಯಾಗುತ್ತದೆ, ಇದನ್ನು ಒತ್ತಿ ಹೇಳಬೇಕು. ಚಿಕಿತ್ಸೆಯ ಮುಖ್ಯ ಭಾಗ ಸಮತೋಲನದ ಪಪ್ಪಿ ಫುಡ್. ಊಟ ಬದಲಾದ ಕೆಲವೇ ವಾರಗಳಲ್ಲಿ ಮೂಳೆಗೆ ಖನಿಜ ಮರಳುವುದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಅಲ್ಲಿಯವರೆಗೆ ಮರಿಯನ್ನು ಚಿಕ್ಕ ಜಾಗದಲ್ಲಿ, ಮೆತ್ತನೆ ಹಾಸಿನ ಮೇಲೆ ಇಡಬೇಕು. ಮೆಟ್ಟಿಲು, ಸೋಫಾ, ಜಾರುವ ಟೈಲ್ಸ್ ಬೇಡ. ನೋವಿಗೆ ವೈದ್ಯರು ಔಷಧಿ ಕೊಡುತ್ತಾರೆ, ಆದರೆ ನೋವು ಇಳಿದ ಕೂಡಲೇ ಮರಿ ಕುಣಿಯಲು ಶುರು ಮಾಡುತ್ತದೆ. ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಮತ್ತೆ ಮುರಿಯುವುದು ಇದೇ ದಿನಗಳಲ್ಲಿ. ಬಾಗಿದ ಕಾಲು ಎಳೆಯ ವಯಸ್ಸಾದರೆ ಸಾಕಷ್ಟು ನೇರವಾಗಬಹುದು. ಕುಸಿದ ಸೊಂಟ, ಬೆನ್ನೆಲುಬು ಮೊದಲಿನ ಹಾಗೆ ಆಗುವುದಿಲ್ಲ. ಹಾಗಾಗಿ ಮರಿ ಆಟ ಬಿಟ್ಟು ಮಲಗಲು ಶುರು ಮಾಡಿದರೆ, ಎತ್ತಿಕೊಂಡಾಗ ಅತ್ತರೆ, ಕುಂಟಿದರೆ, ರಕ್ತದ ರಿಪೋರ್ಟ್ ಒಂದನ್ನೇ ನಂಬಿ ಕೂರಬೇಡಿ. ಎಕ್ಸ್‌ರೇ ಮಾಡಿಸಿ, ಮತ್ತು ಹೋದ ತಿಂಗಳಿಡೀ ಅದು ಏನೇನು ತಿಂದಿದೆ ಎಂದು ಒಂದೂ ಬಿಡದೆ ವೈದ್ಯರಿಗೆ ಹೇಳಿ.